ಅರೆಬರೆ ನಿಬಂಧನೆ

ಗಂಜಾಂನಲ್ಲಿ ನಿಮಿಷಾಂಬ ದೇವಿಯ ದರ್ಶನ ಮಾಡಿ ಮರಳುವ ಗೃಹಸ್ಥನು, ಹೆಜ್ಜೆಯಿಟ್ಟರೆ ಬೆಳಕು ಚಿಮ್ಮುವ ಪಾದರಕ್ಷೆಯನ್ನು ಮಗುವಿಗೆ ಕೊಳ್ಳುವನೆಂದು ಭಾವಿಸೋಣ. ಅದು ಪಾದರಕ್ಷೆಯೋ, ವಿದ್ಯುದುಪಕರಣವೋ? ಪ್ರಶ್ನೆಯು ವಿನೋದವಾಗಿ ಕಂಡರೂ ಉತ್ತರವು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದುದು.

ಭಾರತ ಸರ್ಕಾರದವರು 2022ರಲ್ಲಿ ಪ್ರಕಟಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ವಿದ್ಯುದುಪಕರಣಗಳಲ್ಲಿನ ವಿಷವಸ್ತುಗಳಿಗೆ ಮಿತಿಯನ್ನು ವಿಧಿಸಿವೆ. ಸೀಸ, ಪಾದರಸ, ಹೆಕ್ಸಾವೇಲೆಂಟ್ ಕ್ರೋಮಿಯಂ ಮತ್ತು ಬೆಂಕಿ ತಡೆಯಲು ಬೆರೆಸುವ ಎರಡು ಬಗೆಯ ಬ್ರೋಮಿನ್ ಸಂಯುಕ್ತಗಳು ತೂಕದಲ್ಲಿ ಶೇಕಡಾ 0.1ನ್ನೂ, ಕ್ಯಾಡ್ಮಿಯಂ ಶೇಕಡಾ 0.01ನ್ನೂ ಮೀರಕೂಡದು. ಈ ಲೆಕ್ಕವು ಇಡೀ ಸಾಮಾನಿಗಲ್ಲ, ಅದರೊಳಗಿನ ಏಕರೂಪವಾದ ಒಂದೊಂದು ಪದಾರ್ಥಕ್ಕೂ ಅನ್ವಯಿಸತಕ್ಕದ್ದು. ಬೆಸುಗೆಯ ಸೀಸವನ್ನು ರಬ್ಬರಿನ ಭಾರದಲ್ಲಿ ಅಡಗಿಸುವಂತಿಲ್ಲ. ಇದು ಸಮಂಜಸವಾಗಿಯೇ ಇದೆ.

ಆದರೆ ಕೆಲಸ ಮಾಡುವುದಕ್ಕೆ ವಿದ್ಯುತ್ತನ್ನು ಅವಲಂಬಿಸಿದುದೇ ವಿದ್ಯುದುಪಕರಣವೆಂದು ನಿಯಮಗಳು ಹೇಳುತ್ತವೆ. ವಿದ್ಯುತ್ ಭಾಗಗಳುಳ್ಳ ಕ್ರೀಡಾಸಾಮಗ್ರಿಯು ಅವುಗಳ 106 ಬಾಬುಗಳ ಪಟ್ಟಿಯಲ್ಲಿದೆ, ಪಾದರಕ್ಷೆಯಿಲ್ಲ. ದೀಪ ಕೆಟ್ಟರೂ ಪಾದರಕ್ಷೆಯು ನಡೆಯುವುದಕ್ಕೆ ಒದಗುತ್ತದೆಯಲ್ಲವೆಂದು ವರ್ತಕನು ವಾದಿಸಿದರೆ ಅಧಿಕಾರಿಯು ಏನೆಂದು ಉತ್ತರ ಕೊಡಬೇಕು? ಯೂರೋಪಿನವರು ಈ ಸಂದೇಹವನ್ನು 2011ರ ಶಾಸನದಲ್ಲಿಯೇ ಪರಿಹರಿಸಿದರು. ಉದ್ದೇಶಿತ ಕಾರ್ಯಗಳಲ್ಲಿ ಒಂದಕ್ಕಾದರೂ ವಿದ್ಯುತ್ ಬೇಕಾದರೆ ಆ ವಸ್ತುವು ವಿದ್ಯುದುಪಕರಣವೇ ಸರಿ. 2019ರ ಜುಲೈ 22ರಿಂದ, ವಿಶೇಷವಾಗಿ ಹೊರತುಪಡಿಸಿದವುಗಳ ವಿನಾ, ಇಂಥವೆಲ್ಲವೂ ಅಲ್ಲಿಯ ಮಿತಿಗೆ ಒಳಪಟ್ಟಿವೆ.

ಒಂದು ಕಿರುದೀಪಕ್ಕಾಗಿ ಇಡೀ ಸಾಮಾನನ್ನು ಪರೀಕ್ಷಿಸಬೇಕೆಯೆಂದು ಕೆಲವರು ಆಕ್ಷೇಪಿಸಬಹುದು. ಅಂಟು ಹಾಕಿ ಸೇರಿಸಿದ ಭಾಗಗಳನ್ನು ಕಸದ ರಾಶಿಯಲ್ಲಿ ಬೇರ್ಪಡಿಸುವವರಾರು? ಎಲ್ಲವೂ ಒಟ್ಟಿಗೇ ಬೇಯುತ್ತದೆ. ಸೀಸವು ಬೆಂಕಿಯಿಂದ ನಾಶವಾಗದೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿದು, ಮಳೆಯೊಡನೆ ಹೊಳೆಗೆ ಇಳಿಯುತ್ತದೆ. ಅದು ಎಳೆಯರ ಮಿದುಳಿಗೆ ಮಾಡುವ ಹಾನಿಯು ಮರಳಿ ಸರಿಯಾಗುವಂಥದಲ್ಲ. ಪರೀಕ್ಷೆಯ ಹೊಣೆಯನ್ನು ಬಡ ಅಂಗಡಿಕಾರನ ಮೇಲೆ ಹೊರಿಸಬೇಕೆಂದು ನಾವು ಹೇಳುವುದಿಲ್ಲ. ತಯಾರಕನೂ ಆಮದುದಾರನೂ ಅದನ್ನು ಹೊರತಕ್ಕದ್ದು.

ಗಂಜಾಂನ ಮಗ್ಗುಲಲ್ಲಿ ಹರಿಯುವ ಕಾವೇರಿಯಿಂದಲೇ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಪಡೆದು ಕೋಲಾರದ ಗಣಿಗಳಿಗೆ ಸಾಗಿಸಿದ ನಾಡು ನಮ್ಮದು. ವಿದ್ಯುತ್ತಿನ ಪ್ರಯೋಜನವನ್ನು ಮೊದಲೇ ಕಂಡವರು ಅದರ ಕಸದ ವಿಷಯದಲ್ಲಿ ಹಿಂದುಳಿಯುವುದು ಶೋಭಿಸದು. ಯೂರೋಪಿನ ಶಿಶುವಿಗಿರುವ ರಕ್ಷಣೆಯು ಭಾರತದ ಶಿಶುವಿಗೇಕೆ ಬೇಡ? ಅಲ್ಲಿ ಮಾರಲಾಗದ ಸರಕು ಇಲ್ಲಿ ಬಂದಿಳಿಯುವುದಕ್ಕೆ ಎಡೆಯಿರಬಾರದು. “ಒಂದು ಕಾರ್ಯಕ್ಕಾದರೂ” ಎಂಬ ಮಾತನ್ನು ಸರ್ಕಾರದವರು ನಿಯಮಗಳಲ್ಲಿ ಸೇರಿಸಿದರೆ ಈ ಲೋಪವು ತೀರುತ್ತದೆ. ವಿಳಂಬವಿಲ್ಲದೆ ಹಾಗೆ ಮಾಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.