ಹೊರದಾರಿಯ ನಕ್ಷೆ ಯಾರಿಗಾಗಿ?

ದೊಡ್ಡ ಕಟ್ಟಡಗಳ ಗೋಡೆಯ ಮೇಲೆ, ಸಾಮಾನ್ಯವಾಗಿ ಲಿಫ್ಟಿನ ಬದಿಗೆ, ಚೌಕಟ್ಟು ಕಟ್ಟಿದ ಒಂದು ಹಾಳೆ ತೂಗುತ್ತಿರುತ್ತದೆ. ಬೆಂಕಿ ಬಿದ್ದಾಗ ಯಾವ ದಾರಿಯಿಂದ ಪಾರಾಗಬೇಕೆಂಬುದನ್ನು ಹಸಿರು ಬಾಣಗಳಿಂದ ತೋರಿಸುವ ನಕ್ಷೆ ಅದು. ಅದನ್ನು ನಿಂತು ನೋಡುವವರು ವಿರಳ. ಇಂಥ ನಕ್ಷೆ ಕಡ್ಡಾಯವಾಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಇರುವುದು ತಪಾಸಣೆಗೆ ಬರುವ ಅಧಿಕಾರಿಗಾಗಿಯೋ, ಒಳಗೆ ದುಡಿಯುವವನಿಗಾಗಿಯೋ ಎಂಬ ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇದು ಬೆಂಗಳೂರಿನವರ ಚಿಂತೆ, ನಮಗೇಕೆ ಎಂದು ಕೆಲವರು ನಗಬಹುದು. ಕುರಕುಂಟಾದ ಸಿಮೆಂಟ್ ನಿಗಮದ ಕಾರ್ಖಾನೆ ನಿಂತು ಎರಡು ದಶಕ ದಾಟಿತು, ನಿಜ. ಆದರೂ ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟು, ಶಹಾಬಾದ ಚಿತ್ತಾಪುರಗಳಲ್ಲಿ ಫರಸಿ, ಎಲ್ಲೆಲ್ಲೂ ತೊಗರಿಬೇಳೆಯ ಗಿರಣಿ. ಪರೀಕ್ಷೆಯ ತರಬೇತಿಗೆಂದು ಕಲಬುರಗಿಗೆ ಹೋಗುವ ನಮ್ಮ ಮಿತ್ರರು ಅಂಗಡಿಗಳ ಮೇಲಿನ ಮಾಳಿಗೆಗಳಲ್ಲೇ ಕುಳಿತು ಪಾಠ ಕೇಳುತ್ತಾರೆ. 2019ರ ಮೇ 24ರಂದು ಸೂರತ್ ನಗರದ ಅಂಥದೇ ಒಂದು ತರಬೇತಿ ಕೇಂದ್ರಕ್ಕೆ ಬೆಂಕಿ ಹೊತ್ತಿ 22 ವಿದ್ಯಾರ್ಥಿಗಳು ಸತ್ತರು. ಮರದ ಪಾವಟಿಗೆ ಸುಟ್ಟುಹೋಗಿತ್ತು. ಮಕ್ಕಳು ಮೇಲಿನಿಂದ ಜಿಗಿದರು. ಅಲ್ಲಿ ನಕ್ಷೆಯಿದ್ದು ಏನು ಪ್ರಯೋಜನವಾಗುತ್ತಿತ್ತು ಎಂದು ಕೇಳಬಹುದು. ನಕ್ಷೆ ಬರೆಯಲು ಕುಳಿತವನಿಗೆ, ಎರಡನೆಯ ಬಾಣ ಎಳೆಯಲು ದಾರಿಯೇ ಇಲ್ಲವೆಂಬುದು ಮೊದಲೇ ಕಾಣುತ್ತಿತ್ತು. ಓಡುವವನಿಗಿಂತ ಮುಂಚೆ ಕಟ್ಟಡದ ಯಜಮಾನನಿಗೇ ಅದು ಪಾಠ.

ಬಾಣ ಎಳೆದ ಮೇಲೆ ಬಾಗಿಲು ತೆರೆದಿರಬೇಕಲ್ಲವೆ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಹೊಗೆಯಿಂದ ತುಂಬಿತು. ಒಂಬತ್ತು ಜನ ಸತ್ತರು. ತುರ್ತು ಬಾಗಿಲುಗಳಿಗೆ ಬೀಗವಿತ್ತೆಂದು ವರದಿಗಳು ಬಂದವು. ಬೀಗ ಜಡಿದ ಬಾಗಿಲಿನತ್ತ ಕೈತೋರುವ ನಕ್ಷೆ ಇಲ್ಲದಿದ್ದರೇ ವಾಸಿ.

1948ರ ಕಾರ್ಖಾನೆಗಳ ಕಾಯಿದೆಯ 38ನೆಯ ಕಲಮು ಪಾರಾಗುವ ದಾರಿ ಇದ್ದರೆ ಸಾಕೆಂದು ಹೇಳಿರಲಿಲ್ಲ; ಅದು ಕೆಲಸಗಾರರೆಲ್ಲರಿಗೂ ಪರಿಚಿತವಾಗಿರಬೇಕು, ಅದರ ಅಭ್ಯಾಸ ಮಾಡಿಸಬೇಕು ಎಂದೂ ವಿಧಿಸಿತ್ತು. 108ನೆಯ ಕಲಮು ಪ್ರಕಟಣೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರು ಬಲ್ಲ ಭಾಷೆಯಲ್ಲೂ ಇರಬೇಕೆಂದಿತ್ತು. ನಮ್ಮ ತಂದೆಯವರು ಬೇಳೆಯ ಗಿರಣಿಯೊಂದರಲ್ಲಿ ಹಮಾಲಿ. ಅವರಿಗೆ ಓದು ಬರದು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಅವರ ಗಿರಣಿಯಲ್ಲಿ ನಕ್ಷೆಯಿದೆ, ಇಂಗ್ಲಿಷಿನಲ್ಲಿ. ಅದೇನೆಂದು ಕೇಳಿದಾಗ, "ಸಾಹೇಬ್ರು ಬರೋ ದಿನ ಅದರ ಧೂಳ ಒರೆಸ್ತಾರ ನೋಡಪ್ಪ, ಅಷ್ಟೇ ಗೊತ್ತು ನನಗ" ಎಂದರು.

ಓದು ಬರದವರಿಗೆ ನಕ್ಷೆಯಿಂದೇನು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 1951-52ರ ಮೊದಲ ಮಹಾಚುನಾವಣೆಯಲ್ಲಿ ಈ ದೇಶ ಅನಕ್ಷರಸ್ಥರ ಕೈಗೆ ಚಿಹ್ನೆಗಳನ್ನು ಕೊಟ್ಟು ಸರಕಾರವನ್ನೇ ಆರಿಸಿಕೊಳ್ಳಿರೆಂದಿತು. ಬಾಗಿಲಿನತ್ತ ಓಡುವ ಹಸಿರು ಮನುಷ್ಯನ ಚಿತ್ರವನ್ನು ಜಪಾನಿನ ಯುಕಿಯೊ ಓಟಾ ರೂಪಿಸಿದ್ದೂ ಅಕ್ಷರದ ಹಂಗಿಲ್ಲದಂತೆಯೇ. ಕನ್ನಡ, ತೆಲುಗು, ಉರ್ದು, ಲಂಬಾಣಿ ಒಂದೇ ಅಂಗಳದಲ್ಲಿ ಕೇಳಿಬರುವ ನಮ್ಮ ಸೀಮೆಗೆ ಅದಕ್ಕಿಂತ ತಕ್ಕದ್ದು ಬೇರೆ ಯಾವುದು? ಆದರೆ ನಕ್ಷೆ ನೋಡುವವನ ದಿಕ್ಕಿಗೆ ಹೊಂದಿರಬೇಕು. ಉತ್ತರವನ್ನು ಮೇಲಿಟ್ಟು ಬರೆದದ್ದನ್ನು ದಕ್ಷಿಣದ ಗೋಡೆಗೆ ತೂಗುಹಾಕಿದರೆ ಬಾಣ ಬಲಕ್ಕೆ, ಬಾಗಿಲು ಎಡಕ್ಕೆ! ಹೊಗೆಯಲ್ಲಿ ನಿಂತವನು ಭೂಗೋಳದ ಲೆಕ್ಕ ಬಿಡಿಸಬೇಕೆ?

ನಮ್ಮ ತರಗತಿಗಳ ಬಾಗಿಲು ನೇರವಾಗಿ ಪಡಸಾಲೆಗೆ ತೆರೆಯುವುದರಿಂದ ಅಲ್ಲಿ ನಕ್ಷೆ ಅನಾವಶ್ಯಕವೆಂದೇ ನನ್ನ ಮತ. ವಸತಿಗೃಹದ ಮೇಲಂತಸ್ತಿನ ಮಾತು ಬೇರೆ. ಕಿಟಕಿಗಳಿಗೆ ಸರಳು, ಹಿಂದಿನ ಪಾವಟಿಗೆಯ ಬಾಗಿಲಿಗೆ ರಾತ್ರಿ ಬೀಗ, ಬೀಗದ ಕೈ ಕಾವಲುಗಾರನ ಜೇಬಿನಲ್ಲಿ. ಕಳ್ಳರ ಭಯವೆನ್ನುವುದಾದರೆ ಒಳಗಿನಿಂದ ಮಾತ್ರ ತೆರೆಯುವ ಚಿಲಕ ಸಾಕು. ಭೂಗೋಳದ ವಿದ್ಯಾರ್ಥಿಗಳು ಎರಡು ಭಾನುವಾರಗಳಲ್ಲಿ ನಕ್ಷೆ ಬರೆದುಕೊಡಬಲ್ಲರು. ಅನಂತರ ಒಂದು ಸಂಜೆ ದೀಪವಾರಿಸಿ ಎಲ್ಲರೂ ಆ ದಾರಿಯಲ್ಲಿ ಇಳಿದು ನೋಡೋಣ. ಗುರುಗಳು ಅನುಮತಿ ಕೊಡಬೇಕು. ಗ್ಯಾಸಿನ ಪಕ್ಕದಲ್ಲೇ ದಿನವಿಡೀ ನಿಲ್ಲುವ ಅಡುಗೆಯವರನ್ನು ಎಲ್ಲರಿಗಿಂತ ಮೊದಲು ಕರೆಯಬೇಕು.