ತಾಳೀಸಪತ್ರ ಯಾವ ಮರದ ಎಲೆ?

ಫರ್ ಎಂಬ ಮರವನ್ನು ಹುಬ್ಬಳ್ಳಿ-ಧಾರವಾಡದ ನಮ್ಮಲ್ಲಿ ಬಹುಜನರು ಕ್ರಿಸ್‌ಮಸ್ಸಿನ ಚಿತ್ರಗಳಲ್ಲಿ ಮಾತ್ರ ಕಂಡಿದ್ದೇವೆ. ಆದರೂ ಅದರ ಎಲೆಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿದವರು ಅನೇಕರಿದ್ದಾರೆ! ಕೆಮ್ಮಿಗೆ ವೈದ್ಯರು ಕೊಡುವ ತಾಳೀಸಾದಿ ಚೂರ್ಣಕ್ಕೆ ಹೆಸರು ಬಂದುದೇ ಆ ಎಲೆಯಿಂದ. ಅದರಲ್ಲಿಯ ಮೆಣಸು, ಶುಂಠಿ, ಹಿಪ್ಪಲಿ, ಏಲಕ್ಕಿ, ಸಕ್ಕರೆಗಳು ಮನೆಯವೇ. ತಾಳೀಸಪತ್ರ ಮಾತ್ರ ದೂರದ ಅತಿಥಿ.

ಈ ಅತಿಥಿ ಯಾರು? ಹಿಮಾಲಯದ ಫರ್ ಆದ ಏಬೀಸ್ ವೆಬ್ಬಿಯಾನಾ ಮರದ ಎಲೆಯೆಂದು ಭಾರತೀಯ ಆಯುರ್ವೇದ ಔಷಧಕೋಶ ಹೇಳುತ್ತದೆ. ಆದರೆ ಥುನೇರ್, ಎಂದರೆ ಇಂಗ್ಲಿಷರ ಯೂ, ಮರದ ಎಲೆಯೂ ಇದೇ ಹೆಸರಿನಿಂದ ಪೇಟೆಗೆ ಬರುತ್ತದೆ. ದಕ್ಷಿಣದಲ್ಲಿ ಕೆಲವೆಡೆ ಫ್ಲಕೋರ್ಶಿಯಾ ಎಂಬ ಮುಳ್ಳುಮರದ ಎಲೆಗೂ ಇದೇ ಹೆಸರು. ಬರಿಯ ಶಬ್ದಾರ್ಥದ ಜಗಳವಾಗಿದ್ದರೆ ಕನ್ನಡ ತರಗತಿಯಲ್ಲಿಯೇ ತೀರಿಸಬಹುದಿತ್ತು. ಯೂ ಎಲೆಯಲ್ಲಿ ಹೃದಯದ ಬಡಿತವನ್ನು ಕೆಡಿಸುವ ಟ್ಯಾಕ್ಸೀನ್ ಎಂಬ ವಿಷವಿದೆ. ಅದೇ ಕುಲದ ಅಮೇರಿಕದ ಮರವೊಂದರ ತೊಗಟೆಯಿಂದ ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್ಸುಖ ವಾಣಿಯವರು ಟ್ಯಾಕ್ಸಾಲನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದೀಗ ಕ್ಯಾನ್ಸರಿಗೆ ಔಷಧ, ನಿಜ. ಆದರೆ ಅದು ಅಳೆದು ರಕ್ತನಾಳಕ್ಕೆ ಕೊಡುವಂಥದು, ಚಿಟಿಕೆಯ ಲೆಕ್ಕದಲ್ಲಿ ನೆಕ್ಕುವಂಥದಲ್ಲ.

ಅಂಟಿನದೂ ಇದೇ ಗೊಂದಲ. ಒಡೆದ ಹಿಮ್ಮಡಿಗೆ ರಾಳವನ್ನು ಎಣ್ಣೆಯಲ್ಲಿ ಕರಗಿಸಿ ತುಂಬುವುದುಂಟು. ಶಾಸ್ತ್ರದ ರಾಳ ಉತ್ತರದ ಸಾಲವೃಕ್ಷದ್ದು. ಪಶ್ಚಿಮಘಟ್ಟದ ಕಡೆಗೆ ಸಾಲುಧೂಪದ ಅಂಟು ಆ ಸ್ಥಾನ ಪಡೆದಿದೆ. ಅಗ್ಗಕ್ಕೆ ಸಿಗುವುದು ಫರ್ ಮರದ ಬಂಧುವಾದ ಪೈನಿನ ಅಂಟಿನಿಂದ ಟರ್ಪೆಂಟೈನ್ ಇಳಿಸಿದ ಮೇಲೆ ಉಳಿಯುವ ರೋಸಿನ್. ಮುಲಾಮುಗಳಲ್ಲಿ ಅದರ ಬಳಕೆ ಹಳೆಯದೇ. ಆದರೆ ಕೆಲವರ ಚರ್ಮಕ್ಕೆ ಅದು ಒಗ್ಗದೆ ತುರಿಕೆ, ಗುಳ್ಳೆ ಏಳುತ್ತವೆ. ಯಾವ ರಾಳವೆಂದು ತಿಳಿಯದೆ ಹಚ್ಚಿಕೊಂಡವನು ಯಾರನ್ನು ಕೇಳಬೇಕು?

ನಾಟಿ ಔಷಧವೆಂದೊಡನೆ ಮೂಗು ಮುರಿಯುವ ಪದವೀಧರರ ಪಕ್ಷ ನನ್ನದಲ್ಲ. ಗಿಡಮೂಲಿಕೆಯಿಂದ ಕೇಡೇ ಇಲ್ಲವೆನ್ನುವವರ ಪಕ್ಷವೂ ಅಲ್ಲ, ಕಣಗಿಲೆಯೂ ಗಿಡವೇ! ಡಬ್ಬಿಯ ಚೂರ್ಣದ ಮೇಲೆ ಒಳಗಿನ ವಸ್ತುಗಳ ಪಟ್ಟಿಯನ್ನು ಅಚ್ಚುಹಾಕಲೇಬೇಕು. ಗಂಧಿಗರ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕಟ್ಟಿಕೊಡುವ ಪೊಟ್ಟಣದ ಮೇಲೆ ಏನಿರುತ್ತದೆ? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿ ಹೇಳೆಂದು ಅವ್ವ ಪೊಟ್ಟಣವನ್ನು ಕೈಗಿತ್ತರೆ ನಾನು ಓದಬಹುದಾದದ್ದು ಹಳೆಯ ವರ್ತಮಾನಪತ್ರಿಕೆಯ ಅರ್ಧ ಸುದ್ದಿಯನ್ನಷ್ಟೇ.

ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ; ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗವಿದೆ. ಗುರುತಿಸುವ ಕೆಲಸ ಅವರದು. ಅಂಗಡಿ ಅಂಗಡಿಗೆ ಹೋಗಿ ಯಾವ ಹೆಸರಿನಲ್ಲಿ ಏನು ಮಾರುತ್ತಾರೆ, ಅದು ಯಾವ ಊರಿನಿಂದ ಬಂತು ಎಂದು ಬರೆದು ತರುವುದನ್ನು ಬಿ.ಎ. ವಿದ್ಯಾರ್ಥಿಗಳಾದ ನಾವೂ ಮಾಡಬಲ್ಲೆವು. ಅದಕ್ಕೆ ಪ್ರಯೋಗಶಾಲೆ ಬೇಡ. ಫರ್ ಎಲೆಯ ಕೆಳಮೈಯಲ್ಲಿ ಎರಡು ಬಿಳಿಯ ಪಟ್ಟೆಗಳಿರುತ್ತವೆ, ಯೂ ಎಲೆಗೆ ಅವಿಲ್ಲ. ಕುಟ್ಟಿ ಪುಡಿ ಮಾಡಿದ ಮೇಲೆ ಬರಿಗಣ್ಣಿಗೆ ಈ ಗುರುತು ಉಳಿಯದು. ಆದ್ದರಿಂದ ಮಾದರಿ ತರುವವರು ಪುಡಿಯನ್ನು ಬಿಟ್ಟು ಇಡಿಯ ಎಲೆಯನ್ನೇ ಕೇಳಿ ತರತಕ್ಕದ್ದು.