ತೌಬಾದ ಮರುದಿನ ಕೆಲಸ ಕೊಡುವವರು ಯಾರು?

ಕಳೆದ ಚಳಿಗಾಲದ ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ಶಹಾಬಜಾರದ ಯುವಕನೊಬ್ಬ ನನ್ನನ್ನು ತಡೆದು, “ಹಝ್ರತ್, ನಾನು ಒಳ್ಳೆಯವನೆಂದು ಒಂದು ಚೀಟಿ ಬರೆದುಕೊಡಿ” ಎಂದು ಬೇಡಿದ. ಹತ್ತು ವರ್ಷಗಳ ಹಿಂದೆ ಅವನು ನನ್ನ ವಿದ್ಯಾರ್ಥಿ. ಜಗಳಗಂಟನೆಂದು ಹಾಜರಿ ಪುಸ್ತಕದಿಂದ ಅವನ ಹೆಸರು ಹೊಡೆದುಹಾಕಿದವನು ನಾನೇ. ನಾವು ಬಿಟ್ಟವನನ್ನು ಬೀದಿಯ ಗುಂಪೊಂದು ಸೇರಿಸಿಕೊಂಡಿತು. ಎರಡು ಮೊಕದ್ದಮೆ, ಕೆಲವು ತಿಂಗಳ ಸೆರೆವಾಸ. ಈಗ ತೌಬಾ ಮಾಡಿದ್ದಾನೆ. ಆದರೆ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ಗ್ಯಾರೇಜಿನ ಮಾಲೀಕ ಅವನ ಹಿಂದಿನ ಕಥೆ ಕೇಳಿ ಹೊರಗಟ್ಟಿದ್ದಾನೆ.

ರೌಡಿಸಂ ಎಷ್ಟು ಮನೆಗಳ ದೀಪ ಆರಿಸುತ್ತದೆಂಬುದು ಕಲಬುರಗಿಗೆ ಗೊತ್ತಿದೆ. 2014ರ ಜನವರಿಯಲ್ಲಿ ಇದೇ ನಗರದಲ್ಲಿ ಪಾತಕಿಯೊಬ್ಬನನ್ನು ಹಿಡಿಯಲು ಹೋದ ಪಿಎಸ್‌ಐ ಮಲ್ಲಿಕಾರ್ಜುನ ಬಂಡೆಯವರು ಗುಂಡೇಟಿಗೆ ಪ್ರಾಣ ತೆತ್ತರು. ಆದ್ದರಿಂದ ಅಪರಾಧವನ್ನು ಮುಚ್ಚಿಡಿರೆಂದು ನಾನು ಹೇಳುತ್ತಿಲ್ಲ. ಮೊಕದ್ದಮೆ ನಡೆಯಲಿ, ನೊಂದವರಿಗೆ ನ್ಯಾಯ ಸಿಗಲಿ. ಆದರೆ ಶಿಕ್ಷೆ ಮುಗಿಸಿ ಬಂದವನಿಗೆ ಮಸೀದಿಯ ಸಫ್‌ನಲ್ಲಿ ಸ್ಥಳವಿದ್ದು, ಅಂಗಡಿಯ ಗಲ್ಲಾದ ಬಳಿ ಸ್ಥಳವಿಲ್ಲವೆಂದರೆ ಅವನು ಹೋಗುವುದಾದರೂ ಎಲ್ಲಿಗೆ?

ಪ್ರವಾದಿ(ಸ)ರ ಬಳಿ ಅನ್ಸಾರಿಯೊಬ್ಬರು ಯಾಚಿಸುತ್ತ ಬಂದ ಘಟನೆ ಅಬೂದಾವೂದ್ ಗ್ರಂಥದಲ್ಲಿದೆ. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ತರಿಸಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮ್ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ಸ್ವಹಸ್ತದಿಂದಲೇ ಹಿಡಿ ಹಾಕಿ, ಕಟ್ಟಿಗೆ ಕಡಿದು ಮಾರಲು ಕಳುಹಿಸಿದರು. ಹದಿನೈದು ದಿನಗಳ ಗಡುವು ನೀಡಿದರು. ಅವರು ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು. ಈ ಹದೀಸನ್ನು ನಾವು ಭಿಕ್ಷಾಟನೆಯ ವಿರುದ್ಧ ಮಾತ್ರ ಓದುತ್ತೇವೆ. ಮೊದಲು ಮನೆಯ ಹಸಿವು, ಬಳಿಕ ಉಪಕರಣ, ಕೊನೆಗೆ ವಿಚಾರಣೆಯ ದಿನ ಎಂಬ ಅದರ ಕ್ರಮವನ್ನು ಗಮನಿಸುವುದಿಲ್ಲ.

ನಮ್ಮ ಯುವಕರು ಎಡವುವುದು ಈ ಕ್ರಮ ತಪ್ಪಿದಾಗಲೇ. ಗುಂಪು ಅಂದಂದೇ ಹಣ ಕೊಡುತ್ತದೆ, ಮಾಲೀಕನು ತಿಂಗಳ ಕೊನೆಗೆ ಕೊಡುತ್ತಾನೆ. ನಡುವಿನ ಮೂವತ್ತು ದಿನ ಮನೆಯ ಒಲೆ ಉರಿಯಬೇಕಲ್ಲ! ನ್ಯಾಯಾಲಯದ ವಾಯಿದೆಯಿದ್ದರೆ ರಜೆ ಸಿಗದು. ಹಳೆಯ ಗೆಳೆಯರು ಕೆಲಸದ ಬಾಗಿಲಿಗೇ ಬರುತ್ತಾರೆ. ಕೆಲಸ ಕೊಡಿಸುವುದು ಒಂದು ದಿನದ ಪುಣ್ಯ. ಅದರಲ್ಲಿ ನಿಲ್ಲಿಸುವುದು ತಿಂಗಳುಗಳ ಸಹನೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1988ರಲ್ಲಿ ಗ್ರೆಗ್ ಬಾಯ್ಲ್ ಎಂಬ ಪಾದ್ರಿ ಗ್ಯಾಂಗ್ ಯುವಕರಿಗೆ ಕೆಲಸ ಹುಡುಕಿಕೊಡಲಾರಂಭಿಸಿದರು. ಹೊರಗಿನ ಮಾಲೀಕರು ಸಾಲದಾದಾಗ 1992ರಲ್ಲಿ ಬೇಕರಿಯನ್ನೇ ತೆರೆದರು. ಅಲ್ಲಿ ಸಂಬಳದ ಜೊತೆ ಆಪ್ತಸಮಾಲೋಚನೆಯೂ ಇದೆ.

ನಮ್ಮಲ್ಲಿ ತೊಗರಿ ಬೇಳೆ ಗಿರಣಿಗಳಿವೆ, ಗ್ಯಾರೇಜುಗಳಿವೆ, ವೆಲ್ಡಿಂಗ್ ಅಂಗಡಿಗಳಿವೆ, ಐಟಿಐ ಇದೆ. ಪ್ರತಿ ಮಸೀದಿ ಕಮಿಟಿಯೂ ವರ್ಷಕ್ಕೆ ಇಬ್ಬರು ಯುವಕರ ಹೊಣೆ ಹೊರಲಿ. ಮೊದಲ ಮೂರು ತಿಂಗಳು ವಾರದ ಕೂಲಿ ಕೊಡುವಂತೆ ಮಾಲೀಕರನ್ನು ಒಪ್ಪಿಸಲಿ. ಅರ್ಹ ಬಡವನಿಗೆ ಝಕಾತಿನಿಂದ ಅವನ ಕಸುಬಿನ ಉಪಕರಣ ಕೊಡಿಸಬಹುದೆಂದು ಇಮಾಮ್ ನವವಿಯವರಂತಹ ವಿದ್ವಾಂಸರು ಬರೆದಿದ್ದಾರೆ. ಬಾಲ್ಯದಲ್ಲಿ ಎಡವಿದವರ ಮೇಲೆ ಆ ಕಳಂಕ ಉಳಿಯಬಾರದೆಂಬುದು 2015ರ ಬಾಲನ್ಯಾಯ ಕಾಯ್ದೆಯ ಆಶಯವೂ ಹೌದು. ಇದನ್ನು ಪೋಷಕರಿಗೆ ತಿಳಿಸಬೇಕು.

“ಎಂದೂ ತಪ್ಪು ಮಾಡದ ನಮ್ಮ ಮಗನೇ ನಿರುದ್ಯೋಗಿಯಾಗಿರುವಾಗ ಇವನಿಗೇಕೆ?” ಎಂದು ತಂದೆಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅವರ ಮಗನಿಗೂ ಕೆಲಸ ಬೇಕು. ಆದರೆ ಅವನ ಪರವಾಗಿ ಮಾತಾಡಲು ತಂದೆಯಾದರೂ ಇದ್ದಾರೆ. ಇವನ ಪರವಾಗಿ ಮಾತಾಡುವವರು ಹಳೆಯ ಗುಂಪಿನವರು ಮಾತ್ರ. ಇವನು ಅಲ್ಲಿಗೆ ಮರಳಿದರೆ ನಾಳೆ ಅವರ ಮಗನನ್ನೂ ಕರೆದೊಯ್ಯಬಹುದು.

ಅಂದು ನಾನು ಚೀಟಿ ಬರೆದುಕೊಟ್ಟೆ. ಒಳ್ಳೆಯವನೆಂದು ಬರೆಯಲಿಲ್ಲ, ಅಂತರಂಗವನ್ನು ಅಲ್ಲಾಹನೇ ಬಲ್ಲ. ‘ಇವನು ಬಾರದ ದಿನ ನನಗೆ ತಿಳಿಸಿ, ನಾನು ಹುಡುಕಿ ತರುತ್ತೇನೆ’ ಎಂದು ಬರೆದೆ. ವೆಲ್ಡಿಂಗ್ ಅಂಗಡಿಯ ಮಾಲೀಕರು ಎರಡು ಸಲ ತಿಳಿಸಿದ್ದಾರೆ, ಎರಡು ಸಲವೂ ಹೋಗಿದ್ದೇನೆ. ಹೊಡೆದುಹಾಕಿದ ಹೆಸರನ್ನು ಮತ್ತೆ ಬರೆಯುವುದು ಸುಲಭವಲ್ಲ. ನಿಮ್ಮ ಓಣಿಯಲ್ಲೂ ಅಂತಹ ಒಂದು ಹೆಸರಿರಬಹುದು. ಅದನ್ನು ಮತ್ತೆ ಬರೆಯುವ ಸಹನೆಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.